ಪ್ರಸ್ಥಾನಕ್ಕಿಟ್ಟ ಸೀರೆ

ನಮ್ಮ ಯಜಮಾನರಿಗೆ ಬೆಟ್ಟ ಹತ್ತುವ ಹುಚ್ಚು. ಆ ಹುಚ್ಚಿಗೆ ಸಾಮಾನು ಹೊಂದಿಸುವುದು ನನ್ನ ಕೆಲಸ. ಮದುವೆಯಾಗಿ ಜಯನಗರದ ಮನೆಗೆ ಬಂದ ಮೊದಲ ವಾರವೇ ಅಡುಗೆಮನೆಯ ಡಬ್ಬಗಳ ಜೊತೆಗೆ ಒಂದು ಖಾಕಿ ಚೀಲವನ್ನೂ ನನಗೆ ಒಪ್ಪಿಸಿದರು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ತೆಗೆದುಹಾಕಿದ್ದು ಗುಜರಿ ಅಂಗಡಿಗೆ ಬಂದಿತ್ತಂತೆ. ಹೆಗಲಿಗೆ ಹಾಕಿಕೊಳ್ಳಲು ಎರಡು ಚರ್ಮದ ಪಟ್ಟಿ, ಹಿತ್ತಾಳೆಯ ಬಕಲು, ಒಳಗೆ ಬೇರೆಬೇರೆ ಖಾನೆ. ಅದರಲ್ಲಿ ಏನು ಎಲ್ಲಿರಬೇಕೆಂಬುದು ಸ್ವಲ್ಪ ದಿನದಲ್ಲೇ ಅವರಿಗಿಂತ ನನಗೆ ಚೆನ್ನಾಗಿ ಗೊತ್ತಾಯಿತು.

ಭಾರದ್ದು ಬೆನ್ನಿಗೆ ಅಂಟಿಕೊಂಡಿರಬೇಕು, ಹಗುರವಾದದ್ದು ಹೊರಗಡೆ. ಟಾರ್ಚಿನ ಒಂದು ಸೆಲ್ಲನ್ನು ತಿರುವಿ ಹಾಕಿರಬೇಕು. ಇಲ್ಲದಿದ್ದರೆ ಚೀಲದೊಳಗೇ ಗುಂಡಿ ಒತ್ತಿಕೊಂಡು, ಬೇಕಾದ ಹೊತ್ತಿಗೆ ಸರಿಯಾಗಿ ಕೈ ಕೊಡುತ್ತದೆ. ಬೆಂಕಿಕಡ್ಡಿಗಳ ತಲೆಯನ್ನು ಕರಗಿದ ಮೇಣದಲ್ಲಿ ಅದ್ದಿಟ್ಟರೆ ಮಳೆಗೆ ಹೆದರಬೇಕಾಗಿಲ್ಲ. ಅಲ್ಯುಮಿನಿಯಂ ನೀರಿನ ಬಾಟ್ಲಿಗೆ ಉಣ್ಣೆಬಟ್ಟೆಯ ಹೊದಿಕೆ ಇತ್ತು, ಹೊರಡುವ ಮುಂಚೆ ಅದನ್ನು ಒದ್ದೆ ಮಾಡಿದರೆ ಮಧ್ಯಾಹ್ನದವರೆಗೂ ನೀರು ತಣ್ಣಗಿರುತ್ತಿತ್ತು. ಇವನ್ನೆಲ್ಲ ನನಗೆ ಯಾರೂ ಕೂಡಿಸಿಕೊಂಡು ಹೇಳಿಕೊಡಲಿಲ್ಲ. ಯಜಮಾನರ ಆಫೀಸಿನ ಇಬ್ಬರು ಸ್ನೇಹಿತರು ಸಂಜೆ ಬಂದು ಜಗಲಿಯಲ್ಲಿ ಕೂತು, ಹೋದ ಸಲ ಏನೇನು ಎಡವಟ್ಟಾಯಿತೆಂದು ನಗುತ್ತಿದ್ದರು. ನಾನು ಕಾಫಿ ಕೊಡುವ ನೆಪದಲ್ಲಿ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದೆ. ತೆಂಗಿನನಾರಿನ ಹಗ್ಗ ಕೈ ಕೊಯ್ದ ಕಥೆ ಕೇಳಿದ ವಾರವೇ ಚೀಲದೊಳಕ್ಕೆ ನೂಲಿನ ಹಗ್ಗ ಬಂತು. ಹೇಗೆ ಬಂತೆಂದು ಅವರು ಕೇಳಲೂ ಇಲ್ಲ.

ಹೊರಡುವಾಗ ಅವರು ಬಾಗಿಲಲ್ಲಿ ಮದುವಣಿಗನ ಹಾಗೆ ನಿಲ್ಲುತ್ತಿದ್ದರು. ನಾನು ಚೀಲ ಎತ್ತಿ ಬೆನ್ನಿಗೆ ಹಾಕಬೇಕು, ಬಾಟ್ಲಿಯನ್ನು ಕೊರಳಿಗೆ ಹಾಕಬೇಕು, ಟೋಪಿ ಕೈಗೆ ಕೊಡಬೇಕು. ಇಷ್ಟೆಲ್ಲ ಬಲ್ಲ ನಾನು ಅದುವರೆಗೆ ಹತ್ತಿದ್ದ ಎತ್ತರವೆಂದರೆ ನಮ್ಮ ಮನೆಯ ತಾರಸಿ.

ಆಗಿನ ಜಯನಗರ ಈಗಿನದಲ್ಲ. ಸೈಟುಗಳಿಗೆ ಕಲ್ಲು ನೆಟ್ಟಿದ್ದರು, ಮನೆಗಳು ಅಲ್ಲೊಂದು ಇಲ್ಲೊಂದು. ನಡುವೆ ಲಂಟಾನದ ಪೊದೆ, ಕೆಂಪು ಧೂಳು. ಬಸವನಗುಡಿಯ ಬೀದಿಗಳಲ್ಲಿ ಬೆಳೆದ ನನಗೆ ಇಲ್ಲಿ ಮಾತಿಗೆ ಸಿಗುತ್ತಿದ್ದವರು ಇಬ್ಬರೇ. ಒಬ್ಬರು ನಮ್ಮತ್ತೆ, ಇನ್ನೊಬ್ಬರು ಎದುರು ಮನೆಯ ಮೇಷ್ಟ್ರ ಹೆಂಡತಿ. ಅತ್ತೆ ವಿಧವೆ, ಕೆಂಪು ಸೀರೆಯ ಮಡಿ ಹೆಂಗಸು. ಸ್ನಾನವಾದ ಮೇಲೆ ಊಟವಾಗುವ ತನಕ ನನ್ನನ್ನೂ ಮುಟ್ಟುತ್ತಿರಲಿಲ್ಲ. ಖಾಕಿ ಚೀಲವನ್ನಂತೂ ಮಡಿ ಇರಲಿ ಇಲ್ಲದಿರಲಿ ಮುಟ್ಟಿದವರಲ್ಲ, ಅದರ ಪಟ್ಟಿ ಚರ್ಮದ್ದು. ಅದಕ್ಕೇ ಚೀಲಕ್ಕೆ ಮನೆಯೊಳಗೆ ಜಾಗವಿರಲಿಲ್ಲ. ಹೊರಜಗಲಿಯ ಗೂಟದಲ್ಲಿ ನೇತಾಡುತ್ತಿತ್ತು.

ನನಗೆ ಗೇಟು ದಾಟಲು ಕಾರಣ ಬೇಕಿತ್ತು. ಶುಕ್ರವಾರ ಬನಶಂಕರಿ ದೇವಸ್ಥಾನ, ಅದೂ ಅತ್ತೆಯ ಹಿಂದೆ. ಮಿಕ್ಕ ದಿನ ಬೆಳಿಗ್ಗೆ ಅವರಿಗೆ ಬುತ್ತಿ ಕೊಟ್ಟು ಕಳಿಸಿದ ಮೇಲೆ ಸಂಜೆಯವರೆಗೂ ಅದೇ ಗೋಡೆ, ಅದೇ ಒರಳು, ಅತ್ತೆಯ ಅದೇ ಕೆಮ್ಮು. ಯಾರೂ ನನ್ನನ್ನು ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ತವರಿಗೆ ಹೋಗಿ ಅಳುವುದಕ್ಕೂ ಒಂದು ಕಾರಣವಿರಲಿಲ್ಲ. ಆದರೆ ಕೆಲವು ಮಧ್ಯಾಹ್ನ ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡು, ಹಂಡೆಗೆ ಹಣೆ ಒತ್ತಿ ನಿಲ್ಲುತ್ತಿದ್ದೆ. ಉಸಿರು ಕಟ್ಟುತ್ತಿತ್ತು. ಆಮೇಲೆ ಮುಖ ತೊಳೆದುಕೊಂಡು ಬಂದು ಸಂಜೆಯ ಕಾಫಿಗೆ ಇಡುತ್ತಿದ್ದೆ.

ತಾರಸಿಯಲ್ಲಿ ಸಂಡಿಗೆ ಒಣಹಾಕುವಾಗ, ಮಳೆ ಬಂದು ಧೂಳು ಅಡಗಿದ ದಿನಗಳಲ್ಲಿ, ಪಶ್ಚಿಮದ ಅಂಚಿನಲ್ಲಿ ನೀಲಿಯ ಒಂದು ಗುಡ್ಡೆ ಕಾಣುತ್ತಿತ್ತು. ಅದು ಸಾವನದುರ್ಗ ಎಂದು ಯಜಮಾನರು ಹೇಳಿದ್ದರು. ಒಂದು ಸಲ ಬಾಯಿ ತೆರೆದು ಕೇಳಿಯೇಬಿಟ್ಟೆ.

“ಏನೂಂದ್ರೆ, ಒಂದ್ಸಲ ನಾನೂ ಬರ್ಲಾ?”

ಅವರು ನಕ್ಕರು. “ನೀನೇ ಬಂದ್ಬಿಟ್ರೆ ಚೀಲ ಕಟ್ಟಿ ಕಳ್ಸೋರು ಯಾರೇ?”

ಅತ್ತೆ ಒಳಗಿನಿಂದಲೇ ಹೇಳಿದರು. “ದೂರದ ಬೆಟ್ಟ ನುಣ್ಣಗೆ ಕಣೇ. ಹತ್ರ ಹೋದ್ರೆ ಬರೀ ಕಲ್ಲು, ಮುಳ್ಳು. ಅಲ್ಲೇನಿಟ್ಟಿದೆ ಹೆಂಗಸ್ರಿಗೆ?”

ತಾಯಿ ಮಗ ಬೇರೆ ಯಾವ ವಿಷಯಕ್ಕೂ ಒಪ್ಪಿದ್ದನ್ನು ನಾನು ಕಂಡವಳಲ್ಲ. ಇದೊಂದಕ್ಕೆ ಒಪ್ಪಿದರು.

ಇನ್ನು ಪ್ರಸ್ಥಾನದ ವಿಷಯ ಹೇಳಬೇಕು. ಅತ್ತೆಯ ಪಂಚಾಂಗದ ಪ್ರಕಾರ ಭಾನುವಾರ ಪಶ್ಚಿಮಕ್ಕೆ ಶೂಲೆ, ಆ ದಿನ ಆ ದಿಕ್ಕಿಗೆ ಹೊರಡಬಾರದು. ಯಜಮಾನರಿಗೆ ರಜೆ ಇರುವುದೇ ಭಾನುವಾರ, ಅವರಿಗೆ ಬೇಕಾದ ಬಂಡೆಗಳೆಲ್ಲ ಇರುವುದೇ ಪಶ್ಚಿಮಕ್ಕೆ. ಇಂಥ ಪೇಚಿಗೆ ಹಿರಿಯರು ಒಂದು ಉಪಾಯ ಮಾಡಿಟ್ಟಿದ್ದಾರೆ. ಹೊರಡುವವರು ಉಟ್ಟು ಒಗೆದ ಬಟ್ಟೆಯೊಂದರ ತುದಿಗೆ ಅಕ್ಷತೆ, ಅರಿಸಿನದ ಕೊಂಬು ಗಂಟು ಹಾಕಿ, ಹೊರಡುವ ದಿನಕ್ಕೆ ಮುಂಚೆಯೇ ಒಂದು ಒಳ್ಳೆಯ ಗಳಿಗೆ ನೋಡಿ, ಸಾಮಾನಿನ ಸಮೇತ ಬೇರೆ ಮನೆಯಲ್ಲಿ ಇಟ್ಟುಬಿಡುವುದು. ಬಟ್ಟೆ ಹೊಸಿಲು ದಾಟಿದರೆ ಮನುಷ್ಯ ಹೊರಟ ಹಾಗೆಯೇ ಲೆಕ್ಕ. ಆಮೇಲೆ ಕಾಲು ಯಾವತ್ತು ಹೊರಟರೂ ದೋಷವಿಲ್ಲ. ನಿಯಮ ಒಂದೇ: ಇಟ್ಟ ಪ್ರಸ್ಥಾನವನ್ನು ಪ್ರಯಾಣ ಮಾಡದೆ ಮನೆಗೆ ವಾಪಸು ತರಬಾರದು.

ಹೀಗಾಗಿ ಬೆಟ್ಟವಿರುವ ವಾರಗಳಲ್ಲಿ ಗುರುವಾರವೇ ನಮ್ಮ ಯಜಮಾನರು ಮೇಷ್ಟ್ರ ಜಗಲಿಯಿಂದ ಸಾವನದುರ್ಗಕ್ಕೆ ಹೊರಟಿರುತ್ತಿದ್ದರು. ಅದೇ ಹೊತ್ತಿನಲ್ಲಿ ಆಫೀಸಿನಲ್ಲಿ ಕೂತು ಫೈಲೂ ನೋಡುತ್ತಿದ್ದರು. ನಾನು ಕಿಟಕಿಯ ಸರಳು ಹಿಡಿದು ಎದುರು ಮನೆಯ ಜಗಲಿಯ ಆ ಚೀಲವನ್ನು ನೋಡುತ್ತಿದ್ದೆ. ಹೇಳಿಕೊಳ್ಳಲು ನಾಚಿಕೆ, ನನಗೆ ಚೀಲದ ಮೇಲೆ ಹೊಟ್ಟೆಕಿಚ್ಚು. ನಾನೇ ಕಟ್ಟಿದ ಚೀಲ ರಸ್ತೆ ದಾಟಿತ್ತು. ನಾನು ದಾಟಿರಲಿಲ್ಲ.

ಆ ಗುರುವಾರ ಬೆಳಗಿನಿಂದ ಮಧ್ಯಾಹ್ನದವರೆಗೂ ಅಕಾಲದ ಮಳೆ. ಅವರ ಪಂಚೆಗಳೆಲ್ಲ ಒಳಗಿನ ಹಗ್ಗದ ಮೇಲೆ ತೊಟ್ಟಿಕ್ಕುತ್ತಿದ್ದವು. ಅತ್ತೆ ಮಡಿಯಲ್ಲಿದ್ದರು. ದೂರದಿಂದಲೇ ಅಕ್ಷತೆಯ ಬಟ್ಟಲು ನೆಲದ ಮೇಲೆ ಇಟ್ಟು, ಗಳಿಗೆ ಮೀರುತ್ತದೆಂದು ಗದರತೊಡಗಿದರು.

“ಬೇಗ ಕಟ್ಟೇ! ಇನ್ನೇನು ರಾಹುಕಾಲ ಬಂತು.”

ಉಗ್ರಾಣದ ಕತ್ತಲಲ್ಲಿ ಕೈಗೆ ಒಣಗಿದ ಒಂದು ಬಿಳಿ ಬಟ್ಟೆ ಸಿಕ್ಕಿತು. ತುದಿಗೆ ಗಂಟು ಹಾಕಿ, ಚೀಲದ ಬಾಯಿಗೆ ತುರುಕಿ, ಗೇಟಿಗೆ ಓಡಿಹೋಗಿ ಮೇಷ್ಟ್ರ ಹೆಂಡತಿಯನ್ನು ಕರೆದು ಕೊಟ್ಟು ಬಂದೆ. ಬೇಕೆಂದೇ ಮಾಡಿದೆಯಾ ಎಂದು ನನ್ನ ಮಗಳು ಇವತ್ತಿಗೂ ಕೇಳುತ್ತಾಳೆ. ಇಲ್ಲ. ಅಷ್ಟು ಧೈರ್ಯವಿದ್ದಿದ್ದರೆ ನಾನು ಬಚ್ಚಲುಮನೆಗೆ ಹೋಗಿ ಹಂಡೆಗೆ ಹಣೆ ಒತ್ತುತ್ತಿದ್ದೆನೇ?

ಶನಿವಾರ ಸಂಜೆ ಸ್ನೇಹಿತರು ಜಗಲಿಯಲ್ಲಿದ್ದಾಗಲೇ ಮೇಷ್ಟ್ರ ಹೆಂಡತಿ ಗೇಟು ತೆಗೆದು ಬಂದರು. ಅವರ ಮುಖದಲ್ಲಿ ಸುದ್ದಿ ಸಿಕ್ಕವರ ಸಂತೋಷ.

“ಏನ್ರೀ ಅಮ್ಮ, ಸೊಸೇನ ಎಲ್ಲಿಗ್ರೀ ಕಳಿಸ್ತಿದೀರ? ಚೀಲದ ಬಾಯಲ್ಲಿ ಅವಳ ಸೀರೆ ಸೆರಗು ಕಾಣ್ತಾ ಇದೆ! ಅರಿಸಿನದ ಗಂಟೂ ಅದಕ್ಕೇ ಇದೆ!”

ಹಳೆಯ ಬಿಳಿ ಸೀರೆ ಅದು, ಸಣ್ಣ ಹಸಿರು ಅಂಚಿನದು. ಒಗೆದು ಒಗೆದು ಪಂಚೆಯಷ್ಟೇ ತೆಳ್ಳಗಾಗಿತ್ತು. ನಾನು ಬಾಗಿಲ ಹಿಂದಕ್ಕೆ ಸರಿದೆ. ಯಜಮಾನರಿಗೆ ಮಾತ್ರ ಇದೊಂದು ತಮಾಷೆ.

“ಅದಕ್ಕೇನಮ್ಮ? ಸೀರೆ ತೆಗೆದು ನನ್ನ ಪಂಚೆ ಇಟ್ರೆ ಆಯ್ತು.”

“ಆಯ್ತು ಅಂದ್ರೆ? ಈಗ ಇಟ್ರೆ ಯಾವ ಗಳಿಗೆಗೆ ಇಟ್ಟ ಹಾಗಾಯ್ತು? ಅವಳ ಬಟ್ಟೆ ಹೊಸಿಲು ದಾಟಿ ಎರಡು ದಿನ ಆಯ್ತು. ಹೊರಟಿರೋಳು ಅವಳು, ನೀನಲ್ಲ.”

“ಹಾಗಾದ್ರೆ ಅವಳ ಸೀರೆ ವಾಪಸ್ ತಂದುಬಿಡ್ಲಿ.”

ಅತ್ತೆ ಗಂಭೀರವಾದರು. “ನಿಮ್ಮಪ್ಪನೂ ಒಂದ್ಸಲ ಹೀಗೇ ವಾಪಸ್ ತರಿಸಿದ್ರು. ಬೇಡಿ ಅಂತ ಬಡ್ಕೊಂಡೆ. ಆ ವರ್ಷಾನೇ ನಾನು ಈ ಕೆಂಪು ಸೀರೆ ಉಟ್ಟೆ.”

ಅದಕ್ಕೂ ಇದಕ್ಕೂ ಏನು ಸಂಬಂಧವೆಂದು ಕೇಳುವಷ್ಟು ಓದಿದ್ದವರು ಮೂವರು ಗಂಡಸರಿದ್ದರು. ಒಬ್ಬರೂ ಕೇಳಲಿಲ್ಲ.

“ಪ್ರಯಾಣ ಅವಳದು. ನೀನು ಜೊತೆಗೆ ಹೋಗಿ ಬಾ,” ಎಂದು ತೀರ್ಪು ಕೊಟ್ಟು ಅತ್ತೆ ಒಳಗೆ ಹೋದರು. ಅತ್ತೆಗೆ ನಾನು ಹೋಗುವುದು ಇಷ್ಟವೆಂದು ಇದರರ್ಥವಲ್ಲ. ತಾವೇ ಹಾಕಿದ ಕಟ್ಟಳೆಯಲ್ಲಿ ತಾವೇ ಸಿಕ್ಕಿಕೊಂಡಿದ್ದರು, ಅಷ್ಟೆ.

ಆಗ ನನಗೆ ಹೊಳೆಯಿತು. ಇಡೀ ಮನೆಯಲ್ಲಿ ಬೆಟ್ಟಕ್ಕೆ ಏನೂ ತಯಾರಿ ಇಲ್ಲದವಳೆಂದರೆ ನಾನೊಬ್ಬಳೇ. ನನಗೆ ಬೂಟಿರಲಿಲ್ಲ, ಟೋಪಿ ಇರಲಿಲ್ಲ. ಅವರ ಹಳೆಯ ಕ್ಯಾನ್ವಾಸ್ ಶೂಗೆ ಬಟ್ಟೆ ಚೂರು ತುರುಕಿ ಹಾಕಿಕೊಂಡು ಹಿತ್ತಲಲ್ಲಿ ನಡೆದು ನೋಡಿದೆ. ಬಾತುಕೋಳಿಯ ನಡಿಗೆ. ಆದರೂ ಬಿಡಲಿಲ್ಲ. ಸೀರೆಯನ್ನು ಕಾಲಿಗೆ ಅಡ್ಡ ಬರದ ಹಾಗೆ ಎತ್ತಿಕಟ್ಟಲು ಪಿನ್ನುಗಳನ್ನು ಆರಿಸಿಟ್ಟುಕೊಂಡೆ.

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಮೇಷ್ಟ್ರ ಜಗಲಿಯಿಂದ ಚೀಲ ಎತ್ತಿಕೊಂಡು ಹೊರಟೆವು. ದಾರಿಯುದ್ದಕ್ಕೂ ಯಜಮಾನರು ನನಗಿಂತ ಹತ್ತು ಮಾರು ಮುಂದೆ. ಮಾಗಡಿ ಬಸ್ಸಿನಲ್ಲಿ ನಾನು ಹೆಂಗಸರ ಸೀಟಿನಲ್ಲಿ, ಅವರೂ ಇಬ್ಬರು ಸ್ನೇಹಿತರೂ ಹಿಂದೆ. ಹಿಂದಿನಿಂದ ನಗು ಕೇಳಿದಾಗಲೆಲ್ಲ ನನ್ನ ಶೂ ನೋಡಿಯೇ ನಗುತ್ತಿದ್ದಾರೆ ಅನ್ನಿಸುತ್ತಿತ್ತು.

ಬಸ್ಸಿಳಿದು, ಕಾಡುದಾರಿಯಲ್ಲಿ ನಡೆದು, ಬೆಟ್ಟದ ಬುಡದ ದೇವಸ್ಥಾನ ಸೇರಿದೆವು. ತಲೆ ಎತ್ತಿದರೆ ಒಂದೇ ಬಂಡೆ, ಆಕಾಶದವರೆಗೂ. ಪಕ್ಕದ ಮಂಟಪದ ನೆರಳಿನಲ್ಲಿ ಯಜಮಾನರು ಚೀಲ ಇಳಿಸಿದರು.

“ನೀನು ಇಲ್ಲೇ ಕೂತು ಸಾಮಾನು ನೋಡ್ಕೊಂಡಿರು. ಕೋತಿಗಳ ಕಾಟ ಜಾಸ್ತಿ. ನಾವು ಮೇಲೆ ಹೋಗಿ ಬಂದ್ಬಿಡ್ತೀವಿ.”

“ನಾನು?”

“ಬಂದೆಯಲ್ಲ, ಪ್ರಯಾಣ ಆಯ್ತಲ್ಲ. ದೇವರ ದರ್ಶನ ಮಾಡ್ಕೋ.”

ಸ್ನೇಹಿತರಲ್ಲೊಬ್ಬರು ಪಾಪ, “ಅತ್ತಿಗೆ, ಇದು ಬಹಳ ಕಡಿದು, ನಿಮಗೆ ಕಷ್ಟ,” ಎಂದರು. ನಾನು ತಲೆಯಾಡಿಸಿದೆ. ತಲೆಯಾಡಿಸುವುದು ಅಷ್ಟು ರೂಢಿಯಾಗಿತ್ತು.

ಅವರು ಬಂಡೆಯ ತಿರುವಿನಲ್ಲಿ ಮರೆಯಾದರು. ಮಂಟಪದಲ್ಲಿ ನಾನು, ಚೀಲ, ನಾಲ್ಕಾರು ಕೋತಿ. ಊರು ಬಿಟ್ಟು, ಬಸ್ಸು ಹತ್ತಿ, ಇಷ್ಟು ದೂರ ಬಂದು ನಾನು ಸೇರಿದ್ದು ಇನ್ನೊಂದು ಜಗಲಿಗೆ. ಅಳು ಬರಲಿಲ್ಲ, ಸಿಟ್ಟು ಬಂತು. ಅವರ ಮೇಲಲ್ಲ, ತಲೆಯಾಡಿಸಿದ ನನ್ನ ಮೇಲೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ನಾನು ತುತ್ತನ್ನು ಕೋತಿಗಳ ಮಧ್ಯೆ ಇಟ್ಟುಕೊಂಡು ಕಾಯುತ್ತ ಕೂತಿದ್ದೆ.

ಬಿಸಿಲು ಏರಿತು. ಬಾಯಾರಿಕೆಯಾಗಿ ಬಾಟ್ಲಿಗೆ ಕೈ ಹಾಕಿದಾಗಲೇ ನೋಡಿದ್ದು. ತುಂಬಿದ ಬಾಟ್ಲಿ ಇಲ್ಲೇ ಇದೆ! ಟೋಪಿ ಇಲ್ಲೇ ಇದೆ, ಹಗ್ಗ ಇಲ್ಲೇ ಇದೆ, ಹುರಿಹಿಟ್ಟು ಇಲ್ಲೇ ಇದೆ. ಮೂವರು ಗಂಡಸರು ಬರಿಗೈಯಲ್ಲಿ ಬಂಡೆ ಹತ್ತಿದ್ದರು. ಎಷ್ಟೋ ಭಾನುವಾರಗಳಿಂದ ಬಾಗಿಲಲ್ಲಿ ನಿಂತವರ ಕೊರಳಿಗೆ ನಾನು ಬಾಟ್ಲಿ ಹಾಕಿ ಕಳಿಸಿದ್ದೆ. ಇವತ್ತು ಬಾಗಿಲೇ ಇರಲಿಲ್ಲ, ನನ್ನ ಕೈ ಮುಂದೆ ಬರಲಿಲ್ಲ, ಅವರಿಗೆ ನೆನಪೂ ಆಗಲಿಲ್ಲ. ನೀರಿಲ್ಲದೆ ಸಾಯುತ್ತಾರೆ ಎನ್ನುವ ಹೆದರಿಕೆ ನಿಜವಾಗಿಯೂ ಆಯಿತು. ಹೋಗಲು ಒಂದು ಕಾರಣ ಸಿಕ್ಕಿತೆಂಬ ಖುಷಿ ಅದಕ್ಕಿಂತ ಜೋರಾಗಿಯೇ ಆಯಿತು.

ಚೀಲವನ್ನು ಬೆನ್ನಿಗೆ ಹಾಕಿಕೊಂಡೆ. ಅದನ್ನು ಲೆಕ್ಕವಿಲ್ಲದಷ್ಟು ಸಲ ಕಟ್ಟಿದ್ದೆ, ಒಂದು ಸಲವೂ ಹೊತ್ತಿರಲಿಲ್ಲ. ಪಟ್ಟಿ ಅವರ ಹೆಗಲಿನ ಅಳತೆಗಿತ್ತು, ಚೀಲ ಜೋತುಬಿದ್ದು ಸೊಂಟಕ್ಕೆ ಬಡಿಯಿತು. ಕೆಳಗಿಟ್ಟು ಬಕಲು ಬಿಚ್ಚಿ, ಒಳಗಿನ ತೂತಿಗೆ ಎಳೆದು ಹಾಕಿದೆ. ಆ ತೂತಿಗೆ ಅದುವರೆಗೆ ಯಾರೂ ಬಕಲು ಹಾಕಿರಲಿಲ್ಲ, ಚರ್ಮ ಗಟ್ಟಿಯಾಗಿತ್ತು. ಮತ್ತೆ ಹೊತ್ತಾಗ ಭಾರವೇ ಗೊತ್ತಾಗಲಿಲ್ಲ. ಪರವಾಗಿಲ್ಲವೇ, ಚೆನ್ನಾಗಿ ಕಟ್ಟುತ್ತೀಯ ಎಂದು ನನಗೆ ನಾನೇ ಹೇಳಿಕೊಂಡೆ. ಬೇರೆ ಯಾರೂ ಹೇಳಿರಲಿಲ್ಲ.

ಶೂ ಮಾತ್ರ ಜಾರತೊಡಗಿತು. ಬಿಚ್ಚಿ, ಲೇಸು ಗಂಟು ಹಾಕಿ ಕೊರಳಿಗೆ ನೇತುಹಾಕಿಕೊಂಡು ಬರಿಗಾಲಲ್ಲಿ ಹತ್ತಿದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಂತು ನಿಂತು ಒರಟಾದ ಅಂಗಾಲು ಬಂಡೆಯನ್ನು ಚೆನ್ನಾಗಿಯೇ ಕಚ್ಚಿಕೊಂಡಿತು. ಕೆಳಗೆ ನೋಡಿದರೆ ತಲೆ ಸುತ್ತುತ್ತಿತ್ತು, ಅದಕ್ಕೇ ನೋಡಲಿಲ್ಲ. ಒಂದು ಕಡೆ ಮುಂದಕ್ಕೂ ಹೋಗಲಾರದೆ ಹಿಂದಕ್ಕೂ ಬರಲಾರದೆ ಬಂಡೆ ತಬ್ಬಿಕೊಂಡು ನಿಂತೆ. ವಿಚಿತ್ರವೆಂದರೆ ಉಸಿರು ಕಟ್ಟಲಿಲ್ಲ. ಉಸಿರು ಕಟ್ಟುವುದು ಬಚ್ಚಲುಮನೆಯ ರೋಗ, ಇಲ್ಲಿ ಗಾಳಿ ಬೇಕಾದಷ್ಟಿತ್ತು.

ಅರ್ಧ ದಾರಿಯಲ್ಲಿ, ಒಂದು ಸಣ್ಣ ಮರದ ನೆರಳಿನಲ್ಲಿ ಮೂವರೂ ಸಿಕ್ಕಿದರು. ತುಟಿ ಒಣಗಿ ಬಿಳಿಚಿದ್ದವು. ನನ್ನನ್ನು ಕಂಡು ಯಜಮಾನರು ಎದ್ದು ನಿಂತರು.

“ಸಾಮಾನು ಎಲ್ಲಿ ಬಿಟ್ಟೆ?”

ಮೊದಲು ಕೇಳಿದ್ದು ಅದು. ನಾನು ತಿರುಗಿ ಬೆನ್ನು ತೋರಿಸಿದೆ. ಬಾಟ್ಲಿ ಕೈಯಿಂದ ಕೈಗೆ ಹೋಯಿತು. ಕುಡಿದ ಮೇಲೆ ಅವರ ಮುಖಕ್ಕೆ ಕಳೆ ಬಂತು.

“ಬಿಸಿಲು ಜಾಸ್ತಿ ಆಯ್ತು. ಸಾಕು, ಇಳಿಯೋಣ ಬಾ,” ಎಂದರು.

ನಾನು ಚೀಲ ಇಳಿಸಿ ಅವರ ಕಾಲ ಬಳಿ ಇಟ್ಟೆ. ಚೀಲದಲ್ಲಿದ್ದ ನಿಂಬೆ ಹೋಳು ಒಂದನ್ನು ಸೆರಗಿಗೆ ಕಟ್ಟಿಕೊಂಡು, ಬಾಟ್ಲಿಯನ್ನು ಕೊರಳಿಗೆ ಹಾಕಿಕೊಂಡೆ.

“ನೀವು ಇಲ್ಲೇ ಕೂತು ಸಾಮಾನು ನೋಡ್ಕೊಂಡಿರಿ. ನಾನು ಹೋಗಿ ಬರ್ತೀನಿ.”

“ಒಬ್ಬಳೇನಾ? ತಲೆ ಕೆಟ್ಟಿದ್ಯಾ ನಿಂಗೆ?”

“ಪ್ರಸ್ಥಾನ ಇಟ್ಟಿರೋದು ನನ್ನ ಸೀರೆ. ಅರ್ಧಕ್ಕೆ ವಾಪಸ್ ಬಂದ್ರೆ ಅತ್ತೆಗೆ ನೀವೇ ಹೇಳ್ಕೊಳ್ಳಿ.”

ನನ್ನ ಬಾಯಿಂದ ಆ ಮಾತು ಬಂದಿತೆಂದು ನನಗೇ ನಂಬಿಕೆಯಾಗಲಿಲ್ಲ. ಅವರು ಇನ್ನೇನಾದರೂ ಹೇಳುವ ಮುಂಚೆ ಹೊರಟೆ.

ಮೇಲೆ ಒಂದು ಪುಟ್ಟ ಮಂಟಪ, ಅದರಲ್ಲಿ ಬಸವಣ್ಣ. ಸುತ್ತ ಗಾಳಿ. ಪೂರ್ವದ ಕಡೆ ಬೆಂಗಳೂರು ಬರೀ ಒಂದು ಮಬ್ಬು, ನನ್ನ ತಾರಸಿ ಎಲ್ಲಿದೆಯೆಂದು ಎಷ್ಟು ಹುಡುಕಿದರೂ ಸಿಗಲಿಲ್ಲ. ಅಂಥ ಗೋಡೆ, ಅಂಥ ಗೇಟು, ಇಲ್ಲಿಂದ ಕಾಣುವುದೇ ಇಲ್ಲ! ನನಗೆ ಸಂತೋಷವಾಯಿತು, ಇದನ್ನು ಇಷ್ಟು ದಿನ ನನಗೆ ಕೊಡಲಿಲ್ಲವಲ್ಲ ಎಂದು ಸಂಕಟವೂ ಆಯಿತು. ನಿಂಬೆ ಹೋಳು ಚೀಪುತ್ತ ಅತ್ತುಬಿಟ್ಟೆ. ಇಳಿಯುವಾಗ ಕೆಳಗೆ ಆ ಸಣ್ಣ ಮರ ಕಾಣಿಸಿತು. ಅದರ ಬುಡದಲ್ಲಿ ನಮ್ಮ ಯಜಮಾನರು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಒಂದು ಕೋತಿಯನ್ನು ಗದರಿಸುತ್ತ ಕೂತಿದ್ದರು.

ಸಂಜೆ ಮನೆಗೆ ಬಂದಾಗ ಅತ್ತೆ ಕಾಲು ತೊಳೆಯಲು ನೀರು ಕೊಟ್ಟು, ಸುಮ್ಮನೆ ಕೇಳುವವರ ಹಾಗೆ ಕೇಳಿದರು.

“ಹೇಗಿತ್ತೇ ಬೆಟ್ಟ?”

“ನುಣ್ಣಗಿತ್ತು ಅತ್ತೆ. ಹತ್ರದಿಂದಲೂ ನುಣ್ಣಗೇ ಇತ್ತು. ಒಂದೇ ಬಂಡೆ.”

“ಮುಳ್ಳು?”

“ಬಂಡೆ ಮೇಲೆ ಎಲ್ಲಿ ಮುಳ್ಳು?”

ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎಂದು ನಂಬಿದ್ದವರು ಅವರು. ರಾತ್ರಿ ಫಲಾಹಾರದ ಹೊತ್ತಿಗೆ ಎರಡು ಸಲ ಮೊಸರಿಗೆ ಉಪ್ಪು ಹಾಕಿಕೊಂಡರು.

ಆಮೇಲೆ ಯಜಮಾನರು ಬೆಟ್ಟದ ಸುದ್ದಿ ಎತ್ತಲಿಲ್ಲ. ಮೊದಲು ಆಫೀಸಿನಲ್ಲಿ ಕೆಲಸ ಜಾಸ್ತಿ ಎಂದರು, ಆಮೇಲೆ ಮಂಡಿ ನೋವೆಂದರು. ಸ್ನೇಹಿತರು ಬರುವುದೂ ಕಡಿಮೆಯಾಯಿತು. ಗುರುವಾರಗಳು ಬಂದು ಹೋದವು, ಚೀಲ ಗೂಟದಲ್ಲೇ ಇತ್ತು. ಒಂದು ಸಲ ಬೆಟ್ಟ ನೋಡಿದ ತಪ್ಪಿಗೆ ಕಿಟಕಿಯಿಂದ ನೋಡುವ ಚೀಲವೂ ನನಗೆ ಇಲ್ಲವಾಯಿತು. ಮೊದಲಾದರೆ ಹೊರಗೇನಿದೆಯೆಂದು ಗೊತ್ತಿರಲಿಲ್ಲ. ಈಗ ಗೊತ್ತಿತ್ತು, ಗೋಡೆ ಇನ್ನೂ ಹತ್ತಿರ ಬಂದ ಹಾಗಾಯಿತು. ಬಚ್ಚಲುಮನೆಗೆ ಹೋಗಿ ನಿಲ್ಲುವುದು ಮತ್ತೆ ಶುರುವಾಯಿತು.

ಹೀಗೇ ಒಂದು ಗುರುವಾರ ಮಧ್ಯಾಹ್ನ, ಅವರು ಆಫೀಸಿನಲ್ಲಿದ್ದಾಗ, ಬಚ್ಚಲಿನಿಂದ ಮುಖ ತೊಳೆದುಕೊಂಡು ಹೊರಗೆ ಬಂದೆ. ಅತ್ತೆ ಜಗಲಿಯಲ್ಲಿ ನಿಂತಿದ್ದರು. ಗೂಟದಲ್ಲಿ ಚೀಲವಿರಲಿಲ್ಲ, ಅವರ ಕೈಯಲ್ಲಿತ್ತು. ಚರ್ಮದ ಪಟ್ಟಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದರು.

“ಅತ್ತೆ! ಮೈಲಿಗೆ...”

“ಮತ್ತೆ ಸ್ನಾನ ಮಾಡ್ತೀನಿ ಬಿಡು. ನೀರಿಗೇನು ಬರ ಬಂದಿದೆಯಾ?” ಎಂದರು. ಆಮೇಲೆ ದನಿ ತಗ್ಗಿಸಿ, “ಅವನು ಹೊರಡೋ ತನಕ ಕಾಯ್ತಾ ಕೂತ್ರೆ ಆಗೋದಿಲ್ಲ ಕಣೇ. ಇಟ್ಬಿಟ್ರೆ ಹೋಗಲೇಬೇಕಲ್ಲ,” ಎಂದರು.

ಚೀಲದ ಬಾಯಲ್ಲಿ ಮಡಿಸಿದ ಒಂದು ಕೆಂಪು ಸೀರೆ ಇತ್ತು. ಅದರ ತುದಿಗೆ ಅರಿಸಿನದ ಕೊಂಬು ಕಟ್ಟಿ ಆಗಲೇ ಗಂಟು ಹಾಕಿಯಾಗಿತ್ತು.

“ಎಲ್ಲಿಗೆ ಅತ್ತೆ?”

“ಎಲ್ಲಿಗಾದ್ರೂ ಸರಿ, ನುಣ್ಣಗಿರ್ಬೇಕು. ನಿನ್ನ ಸೀರೆ ಒಂದು ತಗೊಂಡು ಬಾ ಹೋಗು, ರಾಹುಕಾಲ ಬರುತ್ತೆ.”